ಕಾರಿಗೊಂದು ಅಟ್ಟ

ಕನ್ನಡಕ್ಕೆ ಕಾರು ಎರಡು ಸಲ ಬಂದಿದೆ. ಮೊದಲು ಬಂದದ್ದು ನಮ್ಮದೇ ಮಾತು, ಮಳೆಗಾಲದ್ದು. ಮುಂಗಾರು ಹಿಂಗಾರುಗಳ ಹೊಟ್ಟೆಯಲ್ಲಿ ಇವತ್ತಿಗೂ ಕೂತಿರುವುದು ಅದೇ. ಆಮೇಲಿನದು ಇಂಗ್ಲಿಷಿನಿಂದ ನಾಲ್ಕು ಗಾಲಿಯ ಮೇಲೆ ಉರುಳಿಕೊಂಡು ಬಂತು. ಹಾವೇರಿ ತಾಲೂಕಿನ ಕರ್ಜಗಿ ಕಾರಹುಣ್ಣಿಮೆಗೆ ಹೆಸರಾದ ಊರು. ಅಲ್ಲಿ ಮಳೆಯ ಕಾರಿಗೆ ಎತ್ತುಗಳನ್ನು ಸಿಂಗರಿಸಿದರೆ, ಗಾಲಿಯ ಕಾರಿಗೆ ಖಂಡೇಪೂಜೆಯ ದಿನ ಚೆಂಡುಹೂವಿನ ಮಾಲೆ ಹಾಕಿ ಗಾಲಿಯ ಕೆಳಗೆ ಲಿಂಬೆಹಣ್ಣು ಇಡುತ್ತಾರೆ. ಎರಡೂ ಕಾರುಗಳು ತಮ್ಮ ತಮ್ಮ ಪಾಡಿಗೆ ಇದ್ದವು. ಅವುಗಳ ನಡುವೆ ತಕರಾರು ತಂದಿಡುವುದು ಮನೆಯಲ್ಲೇ ಕಾರು ಎತ್ತುವ ಒಂದು ಲಿಫ್ಟು ಹಾಕಿಸಿಕೊಳ್ಳುವ ಆಸೆ. ಗ್ಯಾರೇಜಿನಲ್ಲಿ ತನ್ನ ಕಾರು ಆಳೆತ್ತರಕ್ಕೆ ಎದ್ದು ನಿಂತದ್ದನ್ನು, ಅದರ ಕೆಳಗೆ ಮಿಸ್ತ್ರಿ ಬಗ್ಗದೆ, ಮಲಗದೆ, ಆರಾಮಾಗಿ ನಿಂತು ಪಾನಾ ತಿರುವುತ್ತಿದ್ದುದನ್ನು ನೋಡಿ ಬಂದವನಿಗೆ ಹಿತ್ತಲ ಶೆಡ್ಡಿನಲ್ಲೂ ಇಂಥದೊಂದು ಇದ್ದರೆ ಎಂದು ಅನ್ನಿಸುವುದು ಸಹಜ. ಅಂಗಡಿಗೆ ಹೋದರೆ ಎಷ್ಟು ಟನ್ನು ಎತ್ತಬೇಕು, ಎಷ್ಟು ಎತ್ತರ, ಯಾವ ಬಣ್ಣ ಎಂದು ಕೇಳುತ್ತಾರೆ. ಇವೆಲ್ಲ ಗಾಲಿಯ ಕಾರಿಗೆ ಸಂಬಂಧಪಟ್ಟ ಪ್ರಶ್ನೆಗಳು. ವರದಾ ನದಿಯ ಈ ದಂಡೆಯಲ್ಲಿ, ಈ ಎರೆ ನೆಲದಲ್ಲಿ, ಲಿಫ್ಟಿನ ಮಾತಿಗೆ ತೀರ್ಪು ಕೊಡಬೇಕಾದದ್ದು ಮಳೆಯ ಕಾರು ಎಂಬುದು ನನ್ನ ವಾದ.

ಲಿಫ್ಟು ಬೇಕು ಅನ್ನುವವರಿಗೆ ಎರಡು ಆಸೆಗಳಿರುತ್ತವೆ, ಮತ್ತು ಅವೆರಡೂ ಒಂದೇ ಎಂದು ಅವರು ತಿಳಿದಿರುತ್ತಾರೆ. ಒಂದು, ಒಂದು ಕಾರಿನ ಜಾಗದಲ್ಲಿ ಎರಡು ಕಾರು ಇಡುವುದು. ಇನ್ನೊಂದು, ಕಾರಿನ ಹೊಟ್ಟೆಯ ಕೆಳಗೆ ನಿಂತು ಕೆಲಸ ಮಾಡುವುದು. ಮೊದಲಿನದು ಅಟ್ಟದ ಆಸೆ. ನಮ್ಮ ಕಡೆಯ ಮನೆಗಳಿಗೆ ಇದು ಹೊಸದಲ್ಲ. ಜಾಗ ಸಾಲದಾದಾಗ ಮೇಲೆ ಅಟ್ಟ ಕಟ್ಟಿದರು, ಕೆಳಗೆ ಕಾಳಿಗೆ ಹಗೇವು ತೋಡಿದರು, ದನಗಳನ್ನು ತಲೆಬಾಗಿಲ ಒಳಗೇ ಕಟ್ಟಿ ಪಕ್ಕದ ಕಟ್ಟೆಯ ಮೇಲೆ ತಾವು ಮಲಗಿದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳು ಕೋಲ್ಡ್ ಸ್ಟೋರೇಜಿನಲ್ಲಿ ಮಾಳಿಗೆ ಮಾಳಿಗೆಯಾಗಿ ಏರಿ ಕೂತಿರುತ್ತವೆ. ಹಾಗಿರುವಾಗ ಕಾರಿಗೂ ಅಟ್ಟ ಯಾಕಿರಬಾರದು? ಇರಬಹುದು, ಆದರೆ ಅಳತೆ ಟೇಪು ಹಿಡಿದು ಕೇಳಬೇಕು. ಮಹೀಂದ್ರಾ ಬೊಲೆರೊದ ಎತ್ತರ 1,880 ಮಿಲಿಮೀಟರು, 2018ರ ಮಾದರಿಯ ಸ್ವಿಫ್ಟಿನದು 1,530. ಕೆಳಗೊಂದು, ಮೇಲೊಂದು ಇಟ್ಟು, ನಡುವಿನ ಹಲಗೆಗೂ ಗಾಳಿಯಾಡುವ ಸಂದಿಗೂ ಒಂದಡಿ ಕೊಟ್ಟರೆ ಲೆಕ್ಕ 12 ಅಡಿ ದಾಟುತ್ತದೆ. ಆರ್‌ಸಿಸಿ ಮನೆಯ ಪೋರ್ಚಿನ ಎತ್ತರ ಹತ್ತಡಿ. ಅಲ್ಲಿ ಕಾರಿನ ಮೇಲೆ ಕಾರು ಇಡಬೇಕಾದರೆ ಮೇಲಿನದರ ಟಾಪು ತೆಗೆಯಬೇಕು, ಇಲ್ಲವೇ ಸ್ಲ್ಯಾಬಿಗೆ ತೂತು ಕೊರೆಯಬೇಕು.

12 ಅಡಿಗೂ ಮಿಕ್ಕಿದ ತಗಡಿನ ಶೆಡ್ಡು ಹಿತ್ತಲಲ್ಲಿದೆ ಎನ್ನುವವರು ಇದ್ದಾರೆ. ಇದ್ದರೆ ಅಲ್ಲೇ ನನ್ನ ಪ್ರಶ್ನೆಯೂ ಇದೆ: ಹಿತ್ತಲಲ್ಲಿ ಅಷ್ಟು ದೊಡ್ಡ ಶೆಡ್ಡಿಗೆ ಜಾಗವಿರುವವನಿಗೆ ಒಂದರ ಮೇಲೊಂದು ಇಡುವ ದರ್ದೇನು? ಬೆಂಗಳೂರಿನಲ್ಲಿ 30×40 ಸೈಟಿನ ಮೇಲೆ ನಾಲ್ಕು ಮಹಡಿ ಏರಿಸಿ, ಮಹಡಿಗೊಂದು ಸಂಸಾರ, ಸಂಸಾರಕ್ಕೊಂದು ಕಾರು ಎಂದಾಗ ಕಾರುಗಳು ಹೆಗಲೇರಿ ಕೂರುವುದಕ್ಕೆ ಅರ್ಥವಿದೆ. ಅಲ್ಲಿ ನೆಲದ ಅಡಿ ಅಡಿಗೂ ಬೆಲೆ. ಕರ್ಜಗಿಯಲ್ಲಿ ಇನ್ನೊಂದು ಕಾರಿಗೆ ಬೇಕಾದದ್ದು ನಾಲ್ಕು ಕಬ್ಬಿಣದ ಕಂಬ, ಎಂಟು ಹತ್ತು ತಗಡು. ಲಿಫ್ಟು ಲಕ್ಷಗಳ ಲೆಕ್ಕದ ಸಾಮಾನು. ಅಂದಮೇಲೆ ಜಾಗ ಉಳಿಸುವ ಮಾತು ಇಲ್ಲಿ ನಿಲ್ಲುವುದಿಲ್ಲ. ಬೆಂಗಳೂರು, ಪುಣೆಗಳಲ್ಲಿರುವ ಮಕ್ಕಳು ಊರಲ್ಲಿ ಬಿಟ್ಟುಹೋದ ಕಾರನ್ನಾದರೂ ಮೇಲೆ ಎತ್ತಿಟ್ಟರೆ ಇಲಿ ಹೆಗ್ಗಣಗಳ ಕಾಟ ತಪ್ಪೀತಲ್ಲ ಎಂಬ ಮಾತೂ ಬರುತ್ತದೆ. ಗೋವಿನಜೋಳ ತುಂಬಿದ ಮನೆಯಲ್ಲಿ ಇಲಿಗೆ ಕಂಬ ಹತ್ತುವುದು ಯಾವ ದೊಡ್ಡ ಕೆಲಸ? ಅದಕ್ಕೆ ಬೇಕಾದ ಬೆಚ್ಚನೆಯ ಕತ್ತಲು ಬಾನೆಟ್ಟಿನ ಕೆಳಗಿದೆ, ಹಲ್ಲು ಮಸೆಯುವುದಕ್ಕೆ ವೈರೂ ಇದೆ. ತಿಂಗಳುಗಟ್ಟಲೆ ನಿಂತ ಕಾರಿನ ಉಳಿದ ರೋಗಗಳು ಬ್ಯಾಟರಿ ಇಳಿಯುವುದು, ಟೈರು ಒಂದೇ ಮಗ್ಗುಲಿಗೆ ಚಪ್ಪಟೆಯಾಗುವುದು. ನಾಲ್ಕು ಕಂಬದ ಲಿಫ್ಟಿನ ಮೇಲೂ ಕಾರು ತನ್ನ ಟೈರಿನ ಮೇಲೆಯೇ ನಿಂತಿರುತ್ತದಾದ್ದರಿಂದ ಅದಕ್ಕೂ ಪರಿಹಾರ ಸಿಗದು. ಬ್ಯಾಟರಿಯ ಒಂದು ತಂತಿ ಬಿಚ್ಚಿಟ್ಟು, ಟೈರಿಗೆ ಗಾಳಿ ತುಂಬಿಸಿ, ವಾರಕ್ಕೊಮ್ಮೆ ಮನೆಯವರು ಯಾರಾದರೂ ಹಿಂದೆ ಮುಂದೆ ಸರಿಸಿದರೆ ಆಗುವ ಕೆಲಸ ಇದು. ಅಟ್ಟದ ಆಸೆಯನ್ನು ನಾನು ಇಲ್ಲಿಗೇ ಬಿಡುತ್ತೇನೆ.

ಉಳಿದದ್ದು ಹೊಟ್ಟೆಯ ಕೆಳಗಿನ ಕೆಲಸ. ಇದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಚಕ್ಕಡಿಯ ಕಾಲದಲ್ಲೂ ಅಚ್ಚಿಗೆ ಕೀಲೆಣ್ಣೆ ಹಚ್ಚಲು ಒಂದು ಪಕ್ಕವನ್ನು ಹೆಗಲುಕೊಟ್ಟು ಎತ್ತಿ, ಕೆಳಗೆ ಕಟ್ಟಿಗೆಯ ಆಸರೆ ಕೊಟ್ಟು, ಗಾಲಿ ಕಳಚಬೇಕಾಗಿತ್ತು. ಎತ್ತುವುದು ಒಂದು ಕ್ಷಣದ ಶ್ರಮ. ಕೆಲಸ ಮುಗಿಯುವವರೆಗೆ ಹೊತ್ತುಕೊಂಡಿರುವುದು ಆ ಕಟ್ಟಿಗೆಯ ಪಾಲಿನದು. ಇವತ್ತಿನ ಲಿಫ್ಟಿನಲ್ಲೂ ಇದೇ ಹಂಚಿಕೆ. ಹೈಡ್ರಾಲಿಕ್ ಎಣ್ಣೆ ಎತ್ತುತ್ತದೆ, ಕಬ್ಬಿಣದ ಲಾಕು ಹೊರುತ್ತದೆ. ಅಮೆರಿಕದ ಮೆಂಫಿಸ್ ಊರಿನ ಪೀಟರ್ ಲುನಾಟಿ 1920ರ ದಶಕದ ನಡುವಿನಲ್ಲಿ ಮೊದಲ ಹೈಡ್ರಾಲಿಕ್ ಕಾರು ಲಿಫ್ಟು ಮಾಡಿದ. ಕ್ಷೌರದಂಗಡಿಯಲ್ಲಿ ಕುರ್ಚಿ ಮೇಲೇರಿ ಗರ್ರನೆ ತಿರುಗುವುದನ್ನು ಕಂಡು ಅವನಿಗೆ ಇದು ಹೊಳೆಯಿತು ಎನ್ನುತ್ತಾರೆ. ನಮ್ಮ ಹೆದ್ದಾರಿಯ ವಾಟರ್ ಸರ್ವಿಸ್ಸುಗಳಲ್ಲಿ ನೆಲದೊಳಗಿಂದ ಒಂದೇ ಕಂಬ ಎದ್ದು ಕಾರನ್ನು ತಲೆಯ ಮೇಲೆ ಹೊತ್ತು ನಿಲ್ಲುವುದು ಆ ಕುರ್ಚಿಯ ಮೊಮ್ಮಗನೇ. ಎಣ್ಣೆಯ ಒತ್ತಡವೊಂದನ್ನೇ ನಂಬಿ ಕೆಳಗೆ ಹೋಗಬಾರದು, ಲಾಕು ಬಿದ್ದ ಸದ್ದು ಕೇಳಿದ ಮೇಲೆಯೇ ಹೋಗಬೇಕು ಎಂಬುದು ಲಿಫ್ಟಿನ ಮೊದಲ ಪಾಠ. ಒಂದು ಸೀಲು ಹರಿದರೆ ಎಣ್ಣೆಯ ನಿಷ್ಠೆ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಯಾಕೆ, ಒಂದು ತಗ್ಗು ತೋಡಿ ಗೋಡೆಗೆ ಇಟ್ಟಿಗೆ ಕಟ್ಟಿಸಿದರೆ ಮುಗಿಯಿತಲ್ಲ ಎಂದು ಹಿರಿಯರು ಹೇಳುತ್ತಾರೆ. ಕಾರು ಎತ್ತಬೇಕಾಗಿಲ್ಲ, ಮನುಷ್ಯ ಇಳಿದರಾಯಿತು. ಕರೆಂಟು ಬೇಡ, ಲಾಕು ಬೇಡ, ಎತ್ತರದ ಚಿಂತೆಯಿಲ್ಲ. ಈ ವಾದದ ಬಗ್ಗೆ ನನಗೆ ಗೌರವವಿದೆ. ಲಾರಿ, ಬಸ್ಸುಗಳ ಡಿಪೋಗಳು ತಗ್ಗಿನಲ್ಲಿ ಇಳಿದೇ ಕೆಲಸ ಮಾಡಿಕೊಂಡು ಬಂದಿವೆ. ಆದರೆ ತಗ್ಗಿನ ಗುಣ ಏನೆಂದು ತಿಳಿಯಲು ಹಗೇವಿನ ಊರಿನವರು ಯಾರನ್ನೂ ಕೇಳಬೇಕಾಗಿಲ್ಲ. ಜೋಳ ತುಂಬಿ ಮುಚ್ಚಿದ ಹಗೇವನ್ನು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕಾಳು ಉಸಿರಾಡಿ ಬಿಟ್ಟ ಕೆಟ್ಟ ಗಾಳಿ ತಳದಲ್ಲಿ ಮಡುಗಟ್ಟಿರುತ್ತದೆಂದು ಗೊತ್ತಿತ್ತು. ಬಾಯಿ ತೆರೆದಿಟ್ಟು, ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಕಾರಿನ ತಗ್ಗಿನಲ್ಲಿ ಮಡುಗಟ್ಟುವುದು ಪೆಟ್ರೋಲಿನ ಆವಿ. ಅದೂ ಗಾಳಿಗಿಂತ ಭಾರ, ಎಲ್‌ಪಿಜಿಯೂ ಹಾಗೆಯೇ. ಇಲ್ಲಿ ಪರೀಕ್ಷೆಗೆಂದು ದೀಪ ಇಳಿಬಿಟ್ಟರೆ ಫಲಿತಾಂಶ ನೋಡಲು ಯಾರೂ ಇರುವುದಿಲ್ಲ. ಇದರ ಮೇಲೆ ನೀರು. ವರದೆ ಸಾಗರದ ಕಡೆಯಿಂದ ಹರಿದು ಬಂದು, ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುವ ನದಿ. ಮಲೆನಾಡಿನಲ್ಲಿ ಹೊಯ್ದ ಮಳೆಯನ್ನು ಇಲ್ಲಿ ಮೋಡವಿಲ್ಲದ ದಿನವೂ ತಂದು ಸುರಿಯಬಲ್ಲದು. 2019ರ ಆಗಸ್ಟಿನ ನೆರೆಯನ್ನು ದಂಡೆಯ ಊರುಗಳು ಮರೆತಿಲ್ಲ. ನೆರೆ ಬಾರದ ವರ್ಷವೂ ಎರೆ ಮಣ್ಣಿನಲ್ಲಿ ತೋಡಿದ ಕುಣಿಯಲ್ಲಿ ನಿಂತ ನೀರು ಬೇಗ ಇಂಗುವುದಿಲ್ಲ. ಆಷಾಢದಲ್ಲಿ ಆ ತಗ್ಗು ಬಾವಿ, ಬೇಸಿಗೆಯಲ್ಲಿ ಮಕ್ಕಳೂ ಕರುಗಳೂ ಬೀಳುವ ಬಲೆ. ಅದಕ್ಕೆ ಹಲಗೆ ಮುಚ್ಚಿಡಬೇಕು, ಮುಚ್ಚಿಟ್ಟದ್ದನ್ನು ಮರೆಯಬಾರದು. ಮನೆಯಲ್ಲಿ ಇಂಥ ಶಿಸ್ತು ಎಷ್ಟು ದಿನ ನಡೆದೀತು?

ತಗ್ಗನ್ನು ಬಿಟ್ಟವರಿಗೆ ಜಾಕಿ ಇದೆ. ಇಲ್ಲಿ ನಾನು ಸ್ವಲ್ಪ ಸೋಲಲೇಬೇಕು. ಒಳ್ಳೆಯ ಟ್ರಾಲಿ ಜಾಕಿ, ನಾಲ್ಕು ಗಟ್ಟಿ ಸ್ಟ್ಯಾಂಡು, ಸಮತಟ್ಟಾದ ಗಟ್ಟಿ ನೆಲ ಇಷ್ಟಿದ್ದರೆ ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಬಹುಪಾಲು ಮುಗಿಯುತ್ತವೆ. ಎಂಜಿನ್ ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡು, ಗಾಲಿ ಅದಲುಬದಲು, ಶಾಕ್‌ ಅಬ್ಸಾರ್ಬರು, ಎಲ್ಲ. ಒಂದೇ ಕಾರಿದ್ದು, ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವ ಮನೆಗೆ ಲಿಫ್ಟು ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ನನ್ನ ಮಾತು ಅಣ್ಣತಮ್ಮಂದಿರು ಕೂಡಿ ಬಾಳುವ, ಒಂದು ಬೊಲೆರೊ, ಒಂದು ಟಾಟಾ ಏಸ್, ಎರಡು ಸಣ್ಣ ಕಾರು ಇರುವ, ರಿಪೇರಿ ತಿಳಿದ ಒಬ್ಬನಾದರೂ ಇರುವ ಮನೆಗೆ. ಅಲ್ಲಿ ಕೆಳಗೆ ಮಲಗಿ ಮಾಡುವ ಕೆಲಸ ತಿಂಗಳಿಗೊಮ್ಮೆ ಬರುತ್ತದೆ. ಬೆನ್ನಿಗೆ ನೆಲದ ತಂಡಿ, ಕಣ್ಣಿಗೆ ಉದುರುವ ಮಣ್ಣು, ಮೂಗಿನ ಮೇಲೆ ಒಂದೂವರೆ ಟನ್ನು. ಅಂಥವರು ಲಿಫ್ಟು ಬೇಕೆಂದರೆ ತಪ್ಪೇನು?

ಹಾಗಾದರೆ ಯಾವುದು? ಗ್ಯಾರೇಜಿನಲ್ಲಿ ಕಂಡದ್ದು ಎರಡು ಕಂಬದ ಲಿಫ್ಟು, ಆಸೆ ಹುಟ್ಟಿದ್ದು ಅದನ್ನು ನೋಡಿ. ಮಿಸ್ತ್ರಿಯ ಕಣ್ಣಿನಿಂದ ನೋಡಿದರೆ ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ: ನಾಲ್ಕು ಗಾಲಿಯೂ ಗಾಳಿಯಲ್ಲಿ ತೂಗುತ್ತವೆ, ಕೆಳಗೆ ಎಲ್ಲೆಲ್ಲೂ ಕೈಯಾಡುತ್ತದೆ. ಆದರೆ ಅದು ಭಾರ ಹೊರುವ ಬಗೆಯನ್ನು ಗಮನಿಸಬೇಕು. ಬ್ರಿಟಿಷರ ಮುಂಬೈ ಪ್ರಾಂತದ ದಿನಗಳಲ್ಲಿ ಧಾರವಾಡ ಜಿಲ್ಲೆಯಲ್ಲಿ ಕರ್ಜಗಿ ಎಂಬ ತಾಲೂಕಿತ್ತು, ಆದರೆ ಕಚೇರಿ ಹಾವೇರಿಯಲ್ಲಿತ್ತು. ಹೆಸರು ಒಂದು ಕಡೆ, ಹೊರೆ ಇನ್ನೊಂದು ಕಡೆ. ಎರಡು ಕಂಬದ ಲಿಫ್ಟಿನ ಕಥೆಯೂ ಇದೇ. ಕಾರು ನಡುವೆ ತೂಗುತ್ತದೆ, ಅದರ ಪಾಡನ್ನು ಪಕ್ಕದ ಕಂಬಗಳ ಬುಡದಲ್ಲಿರುವ ಬೋಲ್ಟುಗಳು ಪಡುತ್ತವೆ. ಬೊಲೆರೊದ ತೂಕ 1,600 ಕಿಲೋ ಎಂದಿಟ್ಟುಕೊಳ್ಳೋಣ. ಕಂಬಕ್ಕೆ 800 ಕಿಲೋ ಬಂತು. ಅದೇನು ಕಂಬದ ನೆತ್ತಿಯ ಮೇಲೆ ಕೂತಿಲ್ಲ. ಸುಮಾರು ಮೂರಡಿ ಚಾಚಿದ ತೋಳಿನ ತುದಿಯಲ್ಲಿದೆ. ಕಂಬದ ಬುಡದ ತಟ್ಟೆ ಒಂದೂವರೆ ಅಡಿಯ ಆಸುಪಾಸು. ಸನ್ನೆಗೋಲಿನ ಸಾದಾ ಲೆಕ್ಕ ಹಾಕಿದರೂ ಹಿಂಬದಿಯ ಬೋಲ್ಟುಗಳನ್ನು ನೆಲದಿಂದ ಕೀಳುವ ಎಳೆತ ಒಂದು ಟನ್ನನ್ನು ಮೀರುತ್ತದೆ. ಚಕ್ಕಡಿ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳಿಗೇ ಬರುತ್ತದೆ. ಅದಕ್ಕೇ ಚೀಲಗಳನ್ನು ಅಚ್ಚಿನ ಹಿಂದೆ ಮುಂದೆ ತೂಗಿಸಿ ಹೇರುವುದು. ಎರಡು ಕಂಬದ ಮೇಲೆ ಕಾರು ಹೇರುವಾಗಲೂ ಅದೇ ಜಾಣತನ ಬೇಕು. ಎಂಜಿನ್ನೂ ಗೇರ್‌ಬಾಕ್ಸೂ ಮುಂದಿರುವ ಸಣ್ಣ ಕಾರು ಮುಂಭಾರ. ಡಿಕ್ಕಿಯಲ್ಲಿ ನಾಲ್ಕು ಚೀಲ ಮೆಣಸಿನಕಾಯಿ ಇದ್ದರೆ ಅದರ ಲೆಕ್ಕವೇ ಬೇರೆ. ತೋಳುಗಳನ್ನು ಎಲ್ಲಿ ಕೊಡಬೇಕೆಂಬುದೂ ಕಾರಿನಿಂದ ಕಾರಿಗೆ ಬೇರೆ: ಬೊಲೆರೊಗೆ ಚಾಸಿ ಇದೆ, ಅದರ ಕೆಳಗೆ ಕೊಡಬಹುದು, ಆಲ್ಟೊ, ಸ್ವಿಫ್ಟುಗಳಿಗೆ ಬೇರೆ ಚಾಸಿಯೇ ಇಲ್ಲ, ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ ಕಂಪನಿಯವರು ಗುರುತು ಮಾಡಿದ ಜಾಗದಲ್ಲೇ ಕೊಡಬೇಕು. ನಾಲ್ಕು ಬೆರಳು ಆಚೀಚೆಯಾದರೆ ತಗಡು ಮುದುರುತ್ತದೆ. ದಿನಕ್ಕೆ ಹತ್ತು ಕಾರು ಎತ್ತುವ ಮಿಸ್ತ್ರಿಗೆ ಇದು ಕೈಗೆ ಕೂತ ವಿದ್ಯೆ. ತಿಂಗಳಿಗೊಮ್ಮೆ ಎತ್ತುವವನಿಗೆ ಪ್ರತಿ ಸಲವೂ ಮೊದಲ ಸಲ.

ಬೋಲ್ಟು ಕಚ್ಚಿ ಹಿಡಿಯಬೇಕಾದದ್ದು ನೆಲವನ್ನು. ನಮ್ಮ ನೆಲ ಎಂಥದು? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಎರೆಯೂ ಇದೆ, ಮಸಾರಿಯೂ ಇದೆ. ಮಸಾರಿಯ ಕೆಂಪು ನೆಲದ ಮೇಲೆ ಮನೆಯಿರುವವರಿಗೆ ನನ್ನ ಈ ವಾದದ ಅರ್ಧ ತಗಲುವುದಿಲ್ಲ, ಅವರು ಪುಣ್ಯವಂತರು. ಎರೆಯಲ್ಲಿ ಮಾಂಟ್ಮೊರಿಲೊನೈಟ್ ಎಂಬ ಖನಿಜದ ಜೇಡಿ ತುಂಬಿದೆ. ಅದರ ಪದರ ಪದರದ ನಡುವೆ ನೀರು ಹೊಕ್ಕು ಕೂರುತ್ತದೆ. ಮುಂಗಾರಿಗೆ ನೆಲ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರಿಸುವಷ್ಟು ಬಿರಿಯುತ್ತದೆ. ಹತ್ತಿ, ಜೋಳಕ್ಕೆ ತಾಯಿಯಂಥ ಈ ಮಣ್ಣು ಗೋಡೆಗೆ ಮಲತಾಯಿ. ಎರೆಹೊಲದ ನಡುವೆ ಕಟ್ಟಿದ ಯಾವ ಹಳೆಯ ಮನೆಯ ಮೂಲೆಯ ಸೀಳನ್ನು ಕೇಳಿದರೂ ಹೇಳೀತು. ಇಂಥ ನೆಲದ ಮೇಲೆ ಮೂರಿಂಚು ಬೆಡ್ ಕಾಂಕ್ರೀಟು ಹಾಕಿ, ಅದರ ಮೇಲೆ ಫರಸಿ ಜೋಡಿಸಿದ ಶೆಡ್ಡಿನಲ್ಲಿ ಬೋಲ್ಟು ಕೊರೆದು ಕಂಬ ನಿಲ್ಲಿಸಿದರೆ, ನಿಲ್ಲಿಸಿದ ದಿನ ಅದು ದೇವಸ್ಥಾನದ ಗರುಡಗಂಬದ ಹಾಗೆ ನೆಟ್ಟಗೇ ಇರುತ್ತದೆ. ಕೇಳಬೇಕಾದದ್ದು ಒಂದು ಕಾರಹುಣ್ಣಿಮೆ, ಒಂದು ಯುಗಾದಿ ದಾಟಿದ ಮೇಲೆ.

ನೆಲವನ್ನು ಸರಿಮಾಡುವ ವಿದ್ಯೆ ಇಲ್ಲವೆಂದಲ್ಲ. ಮುಂಬೈ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ ಎರೆ ಮಣ್ಣಿನ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದವರು. ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಆದರೆ ಅಂಟುಗುಣವಿರುವ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪ ಹರವಿ ದಮ್ಮಸು ಮಾಡಿದರೆ ಕೆಳಗಿನ ಉಬ್ಬರ ಮೇಲಕ್ಕೆ ಬಹುಮಟ್ಟಿಗೆ ಮುಟ್ಟುವುದಿಲ್ಲ ಎಂದು ಅವರು ತೋರಿಸಿದರು. ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಈ ವಿಧಾನ ಬಳಕೆಗೆ ಬಂತು. ಬರಿಯ ಮರಳು ತುಂಬಿದರೆ ಸಾಲದು, ಅದು ನೀರನ್ನು ನೇರ ಕೆಳಗಿಳಿಸಿ ಎರೆಗೆ ಇನ್ನಷ್ಟು ಕುಡಿಸುತ್ತದೆ. ಮನೆಯ ಶೆಡ್ಡಿನ ಮಟ್ಟಕ್ಕೆ ಹೇಳುವುದಾದರೆ ಜೆಸಿಬಿಯಿಂದ ಮೂರಡಿ ಎರೆ ತೆಗೆಸಿ, ಒಳ್ಳೆಯ ಗರಸು ತುಂಬಿಸಿ, ಪದರ ಪದರಕ್ಕೂ ನೀರು ಹಾಕಿ ದಮ್ಮಸು ಹೊಡೆಸಬೇಕು. ಸುತ್ತಲಿನ ನೀರು ಒಳಗೆ ಬಾರದಂತೆ ಇಳಿಜಾರು ಕೊಡಬೇಕು. ಅದರ ಮೇಲೆ ಸ್ಲ್ಯಾಬು. ಲಿಫ್ಟಿನ ಕಂಪನಿಗಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು ನಾಲ್ಕರಿಂದ ಆರು ಇಂಚು ದಪ್ಪ, ಚದರ ಇಂಚಿಗೆ 3,000 ಪೌಂಡು ತಾಳುವ ಕಾಂಕ್ರೀಟು ಎಂದು. ನಮ್ಮ ಗುತ್ತಿಗೆದಾರರು ಇದನ್ನು ಲೆಕ್ಕ ಹಾಕಿ ಎಂ20 ಸಾಕು ಎನ್ನುತ್ತಾರೆ, ಅಂಕಿಗಳೂ ಹೆಚ್ಚುಕಡಿಮೆ ಕೂಡುತ್ತವೆ. ಆದರೆ ಅಮೆರಿಕದವರು ಕಾಂಕ್ರೀಟನ್ನು ಸಿಲಿಂಡರಿನ ಅಚ್ಚಿನಲ್ಲಿ ಪರೀಕ್ಷಿಸುತ್ತಾರೆ, ನಾವು ಘನದ ಅಚ್ಚಿನಲ್ಲಿ. ಒಂದೇ ಕಾಂಕ್ರೀಟು ಘನದಲ್ಲಿ ಹೆಚ್ಚು ಗಟ್ಟಿಯೆಂದು ತೋರುತ್ತದೆ. ಆದ್ದರಿಂದ ಅವರ 3,000ಕ್ಕೆ ನಮ್ಮ ಎಂ25 ಸರಿಜೋಡಿ. ಕಾಂಕ್ರೀಟು ಹಾಕಿದ ಮೇಲೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ನೀರುಣಿಸಬೇಕು, ಬೋಲ್ಟು ಕೊರೆಯಲು 28 ದಿನ ಕಾಯಬೇಕು. ಇಷ್ಟಾಗುವ ಹೊತ್ತಿಗೆ ನೆಲದ ಖರ್ಚು ಲಿಫ್ಟಿನ ಖರ್ಚಿನ ಹೆಗಲ ಮೇಲೆ ಕೈಹಾಕಿರುತ್ತದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಹಾವೇರಿಯಿಂದ ಮೋಟೆಬೆನ್ನೂರು, ರಾಣೆಬೆನ್ನೂರಿನವರೆಗೆ ಹೆದ್ದಾರಿಯ ಉದ್ದಕ್ಕೂ ಗ್ಯಾರೇಜುಗಳಿವೆ, ಎರಡು ಕಂಬದ ಲಿಫ್ಟುಗಳಿವೆ, ಅವರೇನು ಕಟ್ಟಿಯವರ ಪುಸ್ತಕ ಓದಿ ಹಾಕಿಸಿದರೇ, ಬಿದ್ದಿವೆಯೇ? ಬಿದ್ದಿಲ್ಲ, ನಿಜ. ಆದರೆ ಹೆದ್ದಾರಿಯ ಪಕ್ಕದ ಜಾಗಗಳನ್ನು ರಸ್ತೆಯ ಮಟ್ಟಕ್ಕೆ ಏರಿಸಲು ಗರಸು ತುಂಬಿಸುವುದು ಹೇಗೂ ಆಗುವ ಕೆಲಸ. ನೆಲದ ಅರ್ಧ ವಿದ್ಯೆ ಅಲ್ಲಿ ತಾನಾಗಿಯೇ ನಡೆದುಹೋಗಿರುತ್ತದೆ. ಇದಕ್ಕಿಂತ ದೊಡ್ಡ ಕಾರಣ ದಿನದ ರೂಢಿ. ಗ್ಯಾರೇಜಿನವನು ಬೆಳಗಾದರೆ ಆ ಕಂಬದ ಮುಖ ನೋಡುತ್ತಾನೆ. ಬುಡದಲ್ಲಿ ಕೂದಲೆಳೆಯ ಬಿರುಕು ಬಂದರೆ, ನಟ್ಟು ಅರ್ಧ ಸುತ್ತು ಸಡಿಲವಾದರೆ, ಒಂದು ತೋಳು ಬೆರಳಗಲ ತಡವಾಗಿ ಏಳತೊಡಗಿದರೆ ಅವನ ಕಣ್ಣಿಗೆ ಅದೇ ದಿನ ಬೀಳುತ್ತದೆ, ಯಾಕೆಂದರೆ ಕೆಳಗೆ ನಿಲ್ಲುವ ತಲೆ ಅವನದೇ. ಮನೆಯ ಲಿಫ್ಟು ಬಿತ್ತನೆಯ ಎರಡು ತಿಂಗಳು, ಸುಗ್ಗಿಯ ಎರಡು ತಿಂಗಳು ಯಾರ ಕಣ್ಣಿಗೂ ಬೀಳದೆ ನಿಂತಿರುತ್ತದೆ. ಆ ತಿಂಗಳುಗಳಲ್ಲೇ ನೆಲ ಉಬ್ಬುವುದು, ಕುಗ್ಗುವುದು. ಆಮೇಲೊಂದು ಭಾನುವಾರ ಕವರು ತೆಗೆದು, ಧೂಳು ಒರೆಸಿ, ಬಟನ್ನು ಒತ್ತುತ್ತಾರೆ.

ಹೀಗಾಗಿಯೇ ನನ್ನ ಒಲವು ನಾಲ್ಕು ಕಂಬದ ಕಡೆಗೆ. ಇದರಲ್ಲಿ ಕಾರು ಎರಡು ಉದ್ದನೆಯ ಹಲಗೆಗಳ ಮೇಲೆ ಗಾಲಿಯೂರಿಯೇ ಏರುತ್ತದೆ. ಮುಂಭಾರ ಹಿಂಭಾರಗಳ ಗೊಡವೆ ಇಲ್ಲವೆನ್ನುವಷ್ಟು ಕಡಿಮೆ. ತೋಳು ಎಲ್ಲಿ ಕೊಡಬೇಕೆಂಬ ತಲೆನೋವೂ ಇಲ್ಲ. ಭಾರ ನಾಲ್ಕೂ ಮೂಲೆಗಳಲ್ಲಿ ನೇರ ಕೆಳಗೊತ್ತುತ್ತದೆ, ಬೋಲ್ಟು ಕೀಳಲು ನೋಡುವುದಿಲ್ಲ. ಬೊಲೆರೊವನ್ನೂ ಲಿಫ್ಟಿನ ಸ್ವಂತ ತೂಕವನ್ನೂ ಕೂಡಿಸಿದರೂ ಒಂದೊಂದು ಕಾಲಿಗೆ ಬರುವುದು ಆರೇಳು ಕ್ವಿಂಟಲು. ಎರೆ ನೆಲ ಒಂದು ಮೂಲೆಯಲ್ಲಿ ಬೆರಳಗಲ ಇಳಿಯಿತೆನ್ನಿ, ಕುಂಟುವ ಮಂಚಕ್ಕೆ ಮಾಡುವ ಹಾಗೆ ಕಾಲಿನ ಕೆಳಗೆ ಕಬ್ಬಿಣದ ತಟ್ಟೆ ಕೊಟ್ಟು ಮಟ್ಟ ತರಬಹುದು. ತಂತಿಹಗ್ಗದ ನಟ್ಟುಗಳನ್ನು ತಿರುವಿ ಹಲಗೆಗಳನ್ನು ಸರಿತೂಗಿಸಬಹುದು. ತಪ್ಪು ಮಾಡಿದ ನೆಲವನ್ನು ಕ್ಷಮಿಸುವ ಗುಣ ಇದಕ್ಕಿದೆ, ಎರಡು ಕಂಬಕ್ಕೆ ಇಲ್ಲ. ದೋಷಗಳೂ ಇವೆ, ಮುಚ್ಚಿಡುವುದಿಲ್ಲ. ಜಾಗ ಹೆಚ್ಚು ಬೇಕು, ಉದ್ದ 18 ಅಡಿಯ ಆಸುಪಾಸು, ಅಗಲ ಹತ್ತಡಿಯ ಹತ್ತಿರ. ಗಾಲಿ ಹಲಗೆಯ ಮೇಲೆಯೇ ಇರುವುದರಿಂದ ಬ್ರೇಕಿನ ಕೆಲಸಕ್ಕೆ ಹಲಗೆಗಳ ನಡುವೆ ಇನ್ನೊಂದು ಜಾಕಿ ಬೇಕು. ಒಳಗೆ ಓಡುವ ಉಕ್ಕಿನ ಹಗ್ಗಗಳ ಎಳೆ ಬಿಚ್ಚಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಮತ್ತು ಆಳೆತ್ತರಕ್ಕೆ ಎತ್ತುವುದಾದರೆ ಮಾಡಿನ ಎತ್ತರ ಇಲ್ಲೂ 12 ಅಡಿ, ಅದನ್ನು ತಪ್ಪಿಸಿಕೊಳ್ಳುವ ದಾರಿ ಯಾವ ಲಿಫ್ಟಿಗೂ ಇಲ್ಲ. ಪೋರ್ಚಿನ ಹತ್ತಡಿಯಲ್ಲೇ ಆಗಬೇಕೆಂದರೆ ನಾಲ್ಕಡಿ ಏಳುವ ಸಿಜರ್ ಲಿಫ್ಟು ಸಿಗುತ್ತದೆ. ಸ್ವಿಫ್ಟು ಅದರ ಮೇಲೆ ಹಿಡಿಸುತ್ತದೆ, ಬೊಲೆರೊದ ನೆತ್ತಿ ತಾಗುತ್ತದೆ. ಮಿಸ್ತ್ರಿ ಸ್ಟೂಲಿನ ಮೇಲೆ ಕೂತು ಕೆಲಸ ಮಾಡಬೇಕು, ಕಾರಿನ ನಟ್ಟನಡುವಿನ ಭಾಗಕ್ಕೆ ಕತ್ತರಿಯೇ ಅಡ್ಡ. ಬ್ರೇಕಿಗೆ, ಗಾಲಿಗೆ ಒಳ್ಳೆಯದು. ಗೇರ್‌ಬಾಕ್ಸ್ ಇಳಿಸುವ ಕನಸು ಅದರ ಮೇಲೆ ಕಾಣಬಾರದು.

ಕರೆಂಟಿನ ಮಾತು ಹೇಳದೆ ಮುಂದೆ ಹೋಗಲಾಗದು. ಲಿಫ್ಟಿನ ಮೋಟಾರು ಸುಮಾರು 3 ಎಚ್‌ಪಿ. ಸಿಂಗಲ್ ಫೇಸಿನದೂ ಸಿಗುತ್ತದೆ, ತ್ರೀ ಫೇಸಿನದೂ ಸಿಗುತ್ತದೆ. ಮನೆಯ ಮೀಟರಿಗೆ ಮಂಜೂರಾದ ಲೋಡು ಎಷ್ಟೆಂದು ಹೆಸ್ಕಾಂ ಬಿಲ್ಲಿನಲ್ಲೇ ಇರುತ್ತದೆ, ಮೊದಲು ಅದನ್ನು ನೋಡಬೇಕು. ಮನೆಯ ಇನ್ವರ್ಟರು ಫ್ಯಾನು ಲೈಟುಗಳ ಗೆಳೆಯ, ಈ ಮೋಟಾರನ್ನು ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಕರೆಂಟು ಹೋದರೂ ಇಳಿಸಲು ಅಡ್ಡಿಯಿಲ್ಲ, ವಾಲ್ವು ತಿರುವಿದರೆ ಎಣ್ಣೆ ಹಿಂದಿರುಗಿ ತಾನೇ ಇಳಿಯುತ್ತದೆ ಎಂದು ಮಾರುವವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಕಾರು ಲಾಕಿನ ಮೇಲೆ ಕೂತಿದ್ದರೆ, ಕೂತೇ ಇರಬೇಕಲ್ಲ, ಆ ಲಾಕು ಬಿಡಿಸಲು ಮೊದಲು ಒಂದೆರಡು ಇಂಚು ಮೇಲಕ್ಕೆ ಎತ್ತಬೇಕು. ಎತ್ತಲು ಕರೆಂಟು ಬೇಕು. ಮುಂಗಾರಿನ ಗಾಳಿಗೆ ತಂತಿ ಹರಿದ ಸಂಜೆ, ಆಸ್ಪತ್ರೆಗೆ ಹೋಗಬೇಕಾದ ಕಾರು ಆರಡಿ ಎತ್ತರದಲ್ಲಿ ಲಾಕಿನ ಮೇಲೆ ಭದ್ರವಾಗಿ ಕೂತಿರುತ್ತದೆ, ಇಳಿಸಲು ಬಾರದಷ್ಟು ಭದ್ರವಾಗಿ. ಕೈಪಂಪು ಕೊಡುವ ಲಿಫ್ಟುಗಳಿವೆ. ಟನ್ನು, ಬಣ್ಣ ಕೇಳುವ ಮುಂಚೆ ಅದನ್ನು ಕೇಳಬೇಕು.

ನಾಲ್ಕೈದು ಮನೆಯವರು ಕೂಡಿ ಒಂದು ಲಿಫ್ಟು ಹಾಕಿಸಿಕೊಳ್ಳಬಾರದೇ ಎಂಬುದೂ ಯೋಚಿಸತಕ್ಕ ಮಾತು. ಒಕ್ಕುವ ಯಂತ್ರ, ಟ್ರ್ಯಾಕ್ಟರು ಬಾಡಿಗೆಗೆ ಓಡಾಡುವ ಸೀಮೆಯಿದು, ಹಂಚಿಕೊಳ್ಳುವುದು ಹೊಸದಲ್ಲ. ಆದರೆ ಒಕ್ಕುವ ಯಂತ್ರ ಕೆಟ್ಟರೆ ರಾಶಿ ನಿಲ್ಲುತ್ತದೆ. ಲಿಫ್ಟು ಕೆಟ್ಟರೆ ಕೆಳಗಿದ್ದವನು ಏಳುವುದಿಲ್ಲ. ಐದು ಮನೆಗಳ ಲಿಫ್ಟಿನ ಹಗ್ಗ, ಲಾಕುಗಳನ್ನು ನೋಡುವ ಹೊಣೆ ಯಾರದೂ ಆಗಿರುವುದಿಲ್ಲ. ಆ ಹೊಣೆಗೆಂದು ಒಬ್ಬನನ್ನು ನೇಮಿಸಿ ಅವನಿಗಿಷ್ಟು ಕೊಡುವುದಾದರೆ, ಅದಕ್ಕೆ ಆಗಲೇ ಒಂದು ಹೆಸರಿದೆ, ಗ್ಯಾರೇಜು.

ಇಷ್ಟೆಲ್ಲ ಕೇಳಿಯೂ ಹಾಕಿಸಲೇಬೇಕೆನ್ನುವವರಿಗೆ ನನ್ನ ಸಲಹೆ ಕ್ರಮದ್ದು. ಲಿಫ್ಟನ್ನು ಈ ವರ್ಷ ಕೊಳ್ಳಬೇಡಿ. ಹಿಂಗಾರು ಮುಗಿದು ಮಾಗಿ ಬಂದಾಗ ಗರಸು ತುಂಬಿಸಿ ಸ್ಲ್ಯಾಬು ಹಾಕಿಸಿ. ಬಿಸಿಲು ಎಳೆಯದಾಗಿರುವುದರಿಂದ ನೀರುಣಿಸಲೂ ಅನುಕೂಲ. ನಾಲ್ಕು ಮೂಲೆಗೂ ಗೌಂಡಿಯ ನೀರಿನ ಟ್ಯೂಬು ಹಿಡಿಸಿ ಮಟ್ಟ ಗುರುತು ಮಾಡಿಸಿ, ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡಿ. ಗಾಲಿಯ ಕಾರನ್ನು ಅತ್ತ ಬಿಡದೆ ಮಳೆಯ ಕಾರಿಗೆ ಆ ನೆಲವನ್ನು ಬಿಟ್ಟುಕೊಡಿ. ಒಂದು ಮುಂಗಾರು ಅದರ ಸುತ್ತ ಹರಿಯಲಿ, ಒಂದು ಬೇಸಿಗೆ ಅದರ ಕೆಳಗಿನ ಎರೆಯನ್ನು ಕುಗ್ಗಿಸಲು ನೋಡಲಿ. ಯುಗಾದಿಯಾದ ಮೇಲೆ ಅದೇ ಟ್ಯೂಬು ತಂದು ಅದೇ ಗುರುತುಗಳಿಗೆ ಹಿಡಿಯಿರಿ. ಕದಲಿಲ್ಲವಾದರೆ ಅಂಗಡಿಗೆ ಹೋಗಬಹುದು. ಈ ನಡುವೆ ಒಂದು ತೊಡಕಿದೆ, ಅದನ್ನೂ ಹೇಳಿಬಿಡುತ್ತೇನೆ. 20 ಅಡಿ ಉದ್ದದ, ಬಿರುಕಿಲ್ಲದ, ಮಟ್ಟಸವಾದ ಕಾಂಕ್ರೀಟು ನೆಲ, ಮೇಲೆ ತಗಡಿನ ಮಾಡು. ಹಿತ್ತಲಲ್ಲಿ ಇಂಥದು ವರ್ಷವಿಡೀ ಖಾಲಿ ಬೀಳುವುದಿಲ್ಲ. ಮೊದಲು ಗೋವಿನಜೋಳದ ರಾಶಿ ಬರುತ್ತದೆ, ಅದು ಒಣಗಿ ಚೀಲ ತುಂಬುವ ಹೊತ್ತಿಗೆ ಮೆಣಸಿನಕಾಯಿ, ಆಮೇಲೆ ಶಾವಿಗೆ, ಹಪ್ಪಳ, ಸಂಡಿಗೆ. ವರ್ಷ ಕಳೆದು ಟ್ಯೂಬು ಹಿಡಿದು ಬಂದವನು ಮೊದಲು ಆ ನೆಲದ ಮೇಲೆ ಕಾಲಿಡಲು ಮನೆಯ ಹೆಂಗಸರ ಅಪ್ಪಣೆ ಕೇಳಬೇಕಾಗುತ್ತದೆ, ಅದೂ ಚಪ್ಪಲಿ ಹೊರಗೆ ಬಿಟ್ಟು.